ವರ್ಷದ ಕೊನೆಯ ಲೆಕ್ಕ: ದೋಷವಿಲ್ಲದ ಸುಖ

🪷 *ದಿನದ ಧಮ್ಮ ಚಿಂತನೆ* 🪷
ಡಿಸೆಂಬರ್ 31



ನಾಳೆ ಜನವರಿ 1. ಬೆಳಿಗ್ಗೆಯಿಂದಲೇ ನಮ್ಮ ಫೋನುಗಳಲ್ಲಿ ಭೀಮಾ ಕೋರೆಗಾಂವ್ ವಿಜಯಸ್ತಂಭದ ಚಿತ್ರಗಳು ಹರಿದಾಡುತ್ತವೆ. 1818ರ ಆ ಕಾಳಗವನ್ನೂ, 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋಗಿದ್ದನ್ನೂ ನಾಳೆ ನೆನೆಯೋಣ. ಇವತ್ತಿನ ಮಾತು ನಮ್ಮ ಬಳಗದಲ್ಲಿ ಅಂಗಡಿ, ಗುತ್ತಿಗೆ, ಹೋಟೆಲ್, ಗಾರ್ಮೆಂಟ್ಸ್, ಪ್ರಿಂಟಿಂಗ್ ಪ್ರೆಸ್ ನಡೆಸುವ ಅಣ್ಣ ಅಕ್ಕಂದಿರಿಗೆ. ಒಂದು ಕಾಲದಲ್ಲಿ ಕೂಲಿಗಾಗಿ ಕೈಚಾಚಿದ ಮನೆಗಳಿಂದ ಬಂದು ಇವತ್ತು ಹತ್ತು ಜನಕ್ಕೆ ಕೂಲಿ ಕೊಡುವವರಾಗಿದ್ದೀರಿ. ಅದು ಸಣ್ಣ ಮಾತಲ್ಲ. ಅದಕ್ಕೇ ಈ ಲೆಕ್ಕ ಕೇಳುವುದು.

ನಾನು ವೃತ್ತಿಯಿಂದ ಲೆಕ್ಕ ಬರೆಯುವವನು. ವ್ಯಾಪಾರದ ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ, ಅದನ್ನು ನೋಡಲು ಆಡಿಟರ್ ಇರುತ್ತಾರೆ. ಶೀಲದ ಲೆಕ್ಕ ನೋಡಲು ಹೊರಗಿನಿಂದ ಯಾರೂ ಬರುವುದಿಲ್ಲ. ನಮ್ಮ ಧಮ್ಮದಲ್ಲಿ ಪಾಪ ತೊಳೆಯುವ ದೇವರೂ ಇಲ್ಲ, ಹರಕೆಯೂ ಇಲ್ಲ. ಮಾಡಿದವರೇ ಕೂತು ನೋಡಬೇಕು.

*ನಾಲ್ಕು ಸುಖಗಳು*

ಭಗವಾನ್ ಬುದ್ಧರು ಶ್ರಾವಸ್ತಿಯ ದೊಡ್ಡ ವರ್ತಕ ಅನಾಥಪಿಂಡಿಕನಿಗೆ ಗೃಹಸ್ಥರ ನಾಲ್ಕು ಸುಖಗಳನ್ನು ಹೇಳಿದ್ದು ಅಂಗುತ್ತರ ನಿಕಾಯದಲ್ಲಿದೆ. ಬೆವರು ಸುರಿಸಿ ನ್ಯಾಯವಾಗಿ ಗಳಿಸಿದ್ದು ನನ್ನ ಬಳಿ ಇದೆ ಎಂಬ ಸುಖ. ಅದನ್ನು ಅನುಭವಿಸುವ, ದಾನ ಕೊಡುವ ಸುಖ. ಯಾರಿಗೂ ಸಾಲ ಬಾಕಿ ಇಲ್ಲವೆಂಬ ಸುಖ. ನಾಲ್ಕನೆಯದು, ಕಾಯಾ ವಾಚಾ ಮನಸಾ ದೋಷವಿಲ್ಲದೆ ಬದುಕಿದ್ದೇನೆ ಎಂಬ ಸುಖ. ಮೊದಲ ಮೂರೂ ಈ ನಾಲ್ಕನೆಯದರ ಹದಿನಾರನೇ ಒಂದು ಭಾಗಕ್ಕೂ ಸಮವಲ್ಲ ಎಂದರು ಬುದ್ಧರು.

ಗಮನಿಸಿ, ಬುದ್ಧರು ವರ್ತಕನಿಗೆ ಹಣ ಕೆಟ್ಟದ್ದು ಎನ್ನಲಿಲ್ಲ. ಗಳಿಕೆಯನ್ನೂ ಸುಖದ ಪಟ್ಟಿಯಲ್ಲೇ ಸೇರಿಸಿದರು. ಆದರೆ ನಾವು ಸಾಮಾನ್ಯವಾಗಿ ಮೂರನೆಯ ಸುಖಕ್ಕೇ ನಿಂತುಬಿಡುತ್ತೇವೆ. ಬ್ಯಾಂಕಿನ ಕಂತು ಕಟ್ಟಿದೆವು, ಜಿಎಸ್‌ಟಿ ತುಂಬಿದೆವು, ಆಯಿತು ಅಂದುಕೊಳ್ಳುತ್ತೇವೆ.

ಕೆಲವು ಪುಸ್ತಕಗಳಲ್ಲಿ ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ಬಟವಾಡೆಯಲ್ಲಿ ಕೆಲಸಗಾರರ ಪಾಲಿನ ಪಿಎಫ್ ಹಿಡಿದಿರುತ್ತಾರೆ. ಆ ದುಡ್ಡು ಮುಂದಿನ ತಿಂಗಳ 15ರೊಳಗೆ ಅವರ ಖಾತೆ ಸೇರಬೇಕು. ಸೇರಿರುವುದಿಲ್ಲ. ಸಿಮೆಂಟಿಗೋ ಡೀಸೆಲಿಗೋ ತಿರುಗಿರುತ್ತದೆ. ಕೇಳಿದರೆ ‘ಅಡ್ಜಸ್ಟ್ ಮಾಡಿದ್ದೇವೆ, ಬಿಲ್ ಬಂದ ಮೇಲೆ ಕಟ್ಟುತ್ತೇವೆ’ ಎನ್ನುತ್ತಾರೆ. ಪಂಚಶೀಲದ ಎರಡನೆಯ ಶೀಲವನ್ನು ನಾವು ವಿಹಾರದಲ್ಲಿ ಪ್ರತಿ ವಾರ ಹೇಳುತ್ತೇವೆ: ಕೊಡದೇ ಇರುವುದನ್ನು ತೆಗೆದುಕೊಳ್ಳಬಾರದು. ಕೆಲಸಗಾರನ ಪಿಎಫ್ ಅವನು ನಮಗೆ ಕೊಟ್ಟ ಸಾಲವಲ್ಲ. ಅದಕ್ಕೆ ಅಡ್ಜಸ್ಟ್‌ಮೆಂಟ್ ಎಂದು ಹೆಸರಿಟ್ಟರೂ ಶೀಲದ ಲೆಕ್ಕದಲ್ಲಿ ಅದರ ಹೆಸರು ಬೇರೆ.

*ಕೆಳಗಿನ ದಿಕ್ಕು*

ಕಷ್ಟ ಇಲ್ಲವೆಂದು ನಾನು ಹೇಳುವುದಿಲ್ಲ. ನಮ್ಮವರಿಗೆ ಅಪ್ಪ ಬಿಟ್ಟುಹೋದ ಬಂಡವಾಳವಿಲ್ಲ. ಬ್ಯಾಂಕಿನಲ್ಲಿ ಅಡಮಾನ ಕೇಳುತ್ತಾರೆ. ಸರ್ಕಾರಿ ಬಿಲ್ಲು ತಿಂಗಳುಗಟ್ಟಲೆ ಕೂರುತ್ತದೆ. ಆದರೆ ಆ ಭಾರ ಎಲ್ಲಿಗೆ ಇಳಿಯುತ್ತದೆ ನೋಡಿ. ದೊಡ್ಡ ಗುತ್ತಿಗೆದಾರ ಸಬ್ ಕಾಂಟ್ರಾಕ್ಟ್‌ನವನಿಗೆ ಕೊಡುವುದಿಲ್ಲ, ಅವನು ಮೇಸ್ತ್ರಿಗೆ ಕೊಡುವುದಿಲ್ಲ, ಮೇಸ್ತ್ರಿ ಆಳುಗಳಿಗೆ ಕೊಡುವುದಿಲ್ಲ. ಕಡೆಗೆ ಬುಟ್ಟಿ ಹೊರುವ ಹೆಣ್ಣಾಳಿನ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಮೇಲಿನಿಂದ ಬಂದದ್ದನ್ನು ಪ್ರತಿಯೊಬ್ಬನೂ ತನ್ನ ಕೆಳಗಿನವನ ಮೇಲೆ ಹಾಕುವ ಏಣಿ ಅದು. ನಮ್ಮ ವ್ಯವಹಾರ ಅದೇ ಏಣಿಯ ಮೇಲೆ ನಡೆದರೆ, ಧಮ್ಮಕ್ಕೆ ಬಂದು ನಾವು ಬಿಟ್ಟದ್ದಾದರೂ ಏನು?

ರಾಜಗೃಹದಲ್ಲಿ ಸಿಗಾಲ ಎಂಬ ಯುವಕ ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕಿಗೂ ಕೈಮುಗಿಯುತ್ತಿದ್ದ. ಬುದ್ಧರು ಅವನಿಗೆ ದಿಕ್ಕುಗಳೆಂದರೆ ಮನುಷ್ಯ ಸಂಬಂಧಗಳು ಎಂದು ತಿಳಿಸಿಕೊಟ್ಟರು. ಅದರಲ್ಲಿ ಕೆಳಗಿನ ದಿಕ್ಕು ದುಡಿಯುವವರದು. ಯಜಮಾನ ಐದು ರೀತಿಯಲ್ಲಿ ಅವರನ್ನು ನೋಡಿಕೊಳ್ಳಬೇಕು: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆ ಬಿದ್ದಾಗ ಆರೈಕೆ, ವಿಶೇಷ ತಿನಿಸಿನಲ್ಲಿ ಪಾಲು, ಸಮಯಕ್ಕೆ ರಜೆ. ಅಂಗಡಿ ಬಾಗಿಲು ಯಾವ ದಿಕ್ಕಿಗಿರಬೇಕು ಎಂದು ವಾಸ್ತುವಿನವರನ್ನು ಕೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ನಾವು ನೋಡಬೇಕಾದ ದಿಕ್ಕು ಇದು.

ಬಾಬಾಸಾಹೇಬರು ಅದನ್ನು ಕಾನೂನಾಗಿಸಿದರು. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರದು. ಕಾರ್ಖಾನೆಯಲ್ಲಿ ವಾರಕ್ಕೆ 54 ಗಂಟೆಯಿದ್ದ ದುಡಿಮೆ 1946ರ ತಿದ್ದುಪಡಿಯಿಂದ 48 ಗಂಟೆಗೆ ಇಳಿಯಿತು. ಅವರ ಫೋಟೋ ಗೋಡೆಗೆ ಹಾಕಿದ ಆಫೀಸಿನಲ್ಲಿ ಹಾಜರಿ ಪುಸ್ತಕ ಸುಳ್ಳು ಹೇಳಬಾರದು.

ಇನ್ನೊಂದು ಮಾತು, ಇದು ಪ್ರಾಣದ ಮಾತು. ಸುರಕ್ಷಾ ಸಾಧನವಿಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ, ಮ್ಯಾನ್‌ಹೋಲಿಗೆ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು. ಹೋಟೆಲ್, ಪಿಜಿ, ಕಲ್ಯಾಣ ಮಂಟಪ ನಡೆಸುವವರೇ, ಟ್ಯಾಂಕ್ ತುಂಬಿದಾಗ ಯಂತ್ರ ಬರಲಿ. ಯಂತ್ರ ಸಿಗದಿದ್ದರೆ ಎರಡು ದಿನ ಬಾಗಿಲು ಹಾಕಿ. ಇಳಿಯುವವನು ಬಹುಪಾಲು ನಮ್ಮ ಕೇರಿಯವನೇ. ಬೇರೆ ಕೇರಿಯವನಾದರೂ ಅದೇ ಪ್ರಾಣ.

*ಕೇಳುವ ಧೈರ್ಯ*

ವರ್ಷಾವಾಸ ಮುಗಿದಾಗ ಭಿಕ್ಖು ಸಂಘದಲ್ಲಿ ಪವಾರಣೆ ನಡೆಯುತ್ತದೆ. ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನವಿದ್ದರೂ ಸರಿ, ಕರುಣೆಯಿಟ್ಟು ಹೇಳಿ ಎಂದು ಪ್ರತಿಯೊಬ್ಬ ಭಿಕ್ಖುವೂ ಸಂಘವನ್ನು ಬೇಡುತ್ತಾನೆ. ಶ್ರಾವಸ್ತಿಯ ಪೂರ್ವಾರಾಮದಲ್ಲಿ ಐನೂರು ಭಿಕ್ಖುಗಳ ಮುಂದೆ ಸ್ವತಃ ಬುದ್ಧರೇ ಹಾಗೆ ಕೇಳಿದರು. ತಪ್ಪೇ ಇಲ್ಲದವರು ಮೊದಲು ಕೇಳಿದರು. ನಾಯಕತ್ವ ಎಂದರೆ ಇದು ಎಂದು ನನಗೆ ಅನ್ನಿಸುತ್ತದೆ.

ನಮ್ಮಲ್ಲಿ ಯಜಮಾನರು ಕೇಳುವುದಿಲ್ಲ, ಕೆಲಸಗಾರರು ಹೆದರಿ ಹೇಳುವುದಿಲ್ಲ. ಆದ್ದರಿಂದ ಮೊದಲು ಬಾಯಿ ತೆರೆಯಬೇಕಾದವರು ಯಜಮಾನರೇ. ಈ ವಾರ ಒಂದು ದಿನ ಎಲ್ಲರನ್ನೂ ಕೂರಿಸಿ, ಚಹಾ ಕೊಟ್ಟು, ಮೂರು ಪ್ರಶ್ನೆ ಕೇಳಿ:

1️⃣ ಯಾರಿಗಾದರೂ ನನ್ನಿಂದ ಬರಬೇಕಾದ ಕೂಲಿ, ಪಿಎಫ್, ಇಎಸ್‌ಐ ಬಾಕಿ ಇದೆಯೇ?
2️⃣ ಒಂದೇ ಕೆಲಸಕ್ಕೆ ಹೆಣ್ಣಾಳಿಗೆ ಕಡಿಮೆ ಕೊಡುತ್ತಿದ್ದೇನೆಯೇ?
3️⃣ ಈ ವರ್ಷ ನನ್ನ ಮಾತಿನಿಂದ ಯಾರಿಗಾದರೂ ಅವಮಾನವಾಗಿದೆಯೇ?

ಹೇಳಿದವರ ಮೇಲೆ ಆಮೇಲೆ ಸಿಟ್ಟು ತೀರಿಸಬಾರದು. ಹಾಗೆ ಮಾಡುವುದಾದರೆ ಕೇಳದೇ ಇರುವುದೇ ಮೇಲು.

ಕೇಳಿದ ಮೇಲೆ ಏನು? ಬುದ್ಧರು ಮಗ ರಾಹುಲನಿಗೆ ಕನ್ನಡಿಯ ಉಪಮೆ ಕೊಟ್ಟು ಹೇಳಿದ್ದನ್ನು ನೆನೆಯಿರಿ. ಕೆಲಸಕ್ಕೆ ಮುಂಚೆ ನೋಡು, ಮಾಡುವಾಗ ನೋಡು, ಮಾಡಿದ ಮೇಲೂ ನೋಡು. ನನಗಾಗಲಿ ಇತರರಿಗಾಗಲಿ ದುಃಖ ತಂದಿದ್ದರೆ ತಿಳಿದವರ ಮುಂದೆ ಹೇಳಿಕೋ, ಮುಂದೆ ಮಾಡದಂತೆ ನೋಡಿಕೋ. ಇದರಲ್ಲಿ ಕೊರಗುತ್ತಾ ಕೂರಬೇಕೆಂದು ಎಲ್ಲೂ ಇಲ್ಲ. ಬಾಕಿ ಇದ್ದರೆ ಬರೆದಿಟ್ಟುಕೊಳ್ಳಿ, ತಾರೀಖು ಹಾಕಿ, ಕಂತಿನಲ್ಲಾದರೂ ತೀರಿಸಿ. ಆ ತಾರೀಖನ್ನು ಕೆಲಸಗಾರರಿಗೂ ತಿಳಿಸಿ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸಮಾನತೆಯನ್ನು ನಂಬುವುದಷ್ಟೇ ಅಲ್ಲ, ಅದನ್ನು ಸ್ಥಾಪಿಸಲು ಶ್ರಮಿಸುವುದೂ ಇದೆ. ಉಳಿದವರು ಅದಕ್ಕೆ ಎಲ್ಲಿ ಶ್ರಮಿಸಬೇಕೆಂದು ಹುಡುಕಬೇಕಾದೀತು. ನಾಲ್ಕು ಜನಕ್ಕೆ ಕೆಲಸ ಕೊಟ್ಟವರಿಗೆ ಆ ಜಾಗ ತಮ್ಮ ಅಂಗಡಿಯಲ್ಲೇ ಇದೆ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ 🙏 ಜೈ ಭೀಮ್ 💙

_ಉದ್ಯಮ ನಡೆಸುವ ಧಮ್ಮ ಬಂಧುಗಳಿಗೆ ತಲುಪಿಸಿ_