ಬಂದರಿಗೆ ಬೀಗ ಹಾಕಿದ ಗಣರಾಜ್ಯ

1807ರ ಜೂನ್ 22. ವರ್ಜೀನಿಯಾದ ಕರಾವಳಿಯಾಚೆ ಬ್ರಿಟಿಷರ ಯುದ್ಧನೌಕೆ 'ಲೆಪರ್ಡ್', ಅಮೆರಿಕದ 'ಚೆಸಪೀಕ್' ಮೇಲೆ ಫಿರಂಗಿ ಹಾರಿಸಿತು. ಮೂವರು ಸತ್ತರು. ತಮ್ಮ ನೌಕಾಪಡೆ ಬಿಟ್ಟು ಓಡಿಬಂದವರು ಇವರು ಎಂದು ಹೇಳಿ ಬ್ರಿಟಿಷರು ನಾಲ್ವರು ನಾವಿಕರನ್ನು ಎಳೆದೊಯ್ದರು. ದೇಶ ಕುದಿಯಿತು. ಅಧ್ಯಕ್ಷ ಥಾಮಸ್ ಜೆಫರ್ಸನ್ ಯುದ್ಧ ಬೇಕೆಂದಿದ್ದರೆ ಆ ಬೇಸಿಗೆಯಲ್ಲಿ ಬೇಡವೆನ್ನುವವರು ಹೆಚ್ಚಿರಲಿಲ್ಲ. ಅವರು ಬೇರೆ ದಾರಿ ಹಿಡಿದರು. ಅದೇ ವರ್ಷ ಡಿಸೆಂಬರ್ 22ರಂದು ಎಂಬಾರ್ಗೋ ಕಾಯ್ದೆ ಬಂತು: ಅಮೆರಿಕದ ಯಾವ ಹಡಗೂ ಪರದೇಶಕ್ಕೆ ಹೊರಡುವಂತಿಲ್ಲ. ಬ್ರಿಟನ್ನಿಗೆ ನಮ್ಮ ಹತ್ತಿ ಬೇಕು, ಅದರ ಕೆರಿಬಿಯನ್ ದ್ವೀಪಗಳಿಗೆ ನಮ್ಮ ಹಿಟ್ಟು ಬೇಕು. ಕೊಡದಿದ್ದರೆ ತಾನಾಗಿ ಬಗ್ಗುತ್ತದೆ ಎಂಬುದು ಅವರ ಲೆಕ್ಕ.

ಈ ಪ್ರಯೋಗವನ್ನು ಇತಿಹಾಸಕಾರರಲ್ಲಿ ಬಹಳ ಮಂದಿ ಸೋಲೆಂದೇ ಬರೆದಿದ್ದಾರೆ. ಸೋತದ್ದು ನಿಜ. ಆದರೆ ಸೋತದ್ದು ಯಾವುದು ಎಂದು ಕೇಳಬೇಕು. ಕತ್ತಿ ಎತ್ತದೆ ಅನ್ಯಾಯವನ್ನು ಎದುರಿಸಬಹುದೆಂಬ ವಿಚಾರವೇ ಸೋತಿತೋ, ಅಥವಾ ಅದನ್ನು ನಡೆಸಿದ ಬಗೆಯೋ?

ಜೆಫರ್ಸನ್ ಪೀಳಿಗೆಗೆ ಇದು ಹೊಸ ಅಸ್ತ್ರವಾಗಿರಲಿಲ್ಲ. 1765ರಲ್ಲಿ ಬ್ರಿಟನ್ ಸ್ಟ್ಯಾಂಪ್ ತೆರಿಗೆ ಹೇರಿದಾಗ ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಸ್ಟನ್ನಿನ ವರ್ತಕರು ಬ್ರಿಟಿಷ್ ಸರಕು ತರಿಸುವುದಿಲ್ಲವೆಂದು ಕರಾರು ಮಾಡಿಕೊಂಡರು. ಲಂಡನ್ನಿನ ವ್ಯಾಪಾರಿಗಳೇ ಪಾರ್ಲಿಮೆಂಟಿಗೆ ಮೊರೆಯಿಟ್ಟರು. 1766ರ ಮಾರ್ಚ್‌ನಲ್ಲಿ ತೆರಿಗೆ ರದ್ದಾಯಿತು. ಮುಂದೆ ಬ್ರಿಟನ್ನಿನ ಟೌನ್‌ಶೆಂಡ್ ಸುಂಕಗಳ ಕಾಲಕ್ಕೆ ನ್ಯೂ ಇಂಗ್ಲೆಂಡಿನ ಹೆಣ್ಣುಮಕ್ಕಳು ಪಾದ್ರಿಗಳ ಮನೆಯಲ್ಲಿ ಒಟ್ಟಾಗಿ ಕೂತು ರಾಟೆ ತಿರುಗಿಸಿದರು. ಕೈನೂಲಿನ ಒರಟು ಬಟ್ಟೆ ಉಡುವುದೇ ಒಂದು ವ್ರತವಾಯಿತು. ಆಗಲೂ ಎಲ್ಲರೂ ಮನಸಾರೆ ಒಪ್ಪಿದ್ದರೆಂದಲ್ಲ. ಚಹಾ ಮತ್ತು ಬ್ರಿಟಿಷ್ ಸರಕು ಬಿಡುವ 1774ರ ಒಡಂಬಡಿಕೆಯನ್ನು ಮುರಿದವರ ಹೆಸರನ್ನು ಊರ ಸಮಿತಿಗಳು ಪತ್ರಿಕೆಯಲ್ಲಿ ಹಾಕಿಸುತ್ತಿದ್ದವು, ಬೆದರಿಕೆಯೂ ಇತ್ತು. ಆದರೂ ಆ ಸಮಿತಿಯಲ್ಲಿದ್ದವರು ಅದೇ ಊರಿನವರು, ತಾವೂ ಅದೇ ಚಹಾ ಬಿಟ್ಟವರು.

1807ರಲ್ಲಿ ಬದಲಾದದ್ದು ಇದೇ. ಮೊದಲಿನದು ಕೊಳ್ಳುವುದನ್ನು ಬಿಡುವ ವ್ರತ. ಈಗಿನದು ಮಾರುವುದನ್ನೇ ನಿಲ್ಲಿಸುವ ಆಜ್ಞೆ. ಚಹಾ ಬಿಟ್ಟವನ ನಾಲಿಗೆ ಸಪ್ಪೆಯಾಗುತ್ತದೆ, ಹಡಗು ಬಿಟ್ಟವನ ಒಲೆ ಆರುತ್ತದೆ. ಹಸಿವನ್ನು ತಾನೇ ಹೊತ್ತುಕೊಂಡರೆ ಉಪವಾಸ, ಇನ್ನೊಬ್ಬರು ಹೊರಿಸಿದರೆ ಬರ. ಹೊಗೆಸೊಪ್ಪು ಉಗ್ರಾಣದಲ್ಲಿ ಕೊಳೆತರೂ ವರ್ಜೀನಿಯಾದ ಭೂಮಾಲೀಕ ಒಂದು ವರ್ಷ ತಡೆದುಕೊಂಡಾನು. ಅವನ ಹೊಲದ ಗುಲಾಮರನ್ನು ಯಾರೂ ಏನೂ ಕೇಳಲಿಲ್ಲ. ಕೂಲಿಗೆ ಹಡಗೇರುವ ನಾವಿಕ ವಾರ ಕಳೆಯುವುದೂ ಕಷ್ಟ. ಯಾರ ಮಾನ ಕಾಪಾಡಲೆಂದು ಕಾಯ್ದೆ ಬಂತೋ ಆ ನಾವಿಕನೇ ಮೊದಲು ಬೀದಿಗೆ ಬಿದ್ದ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು.

1807ರಲ್ಲಿ ಸುಮಾರು 10.8 ಕೋಟಿ ಡಾಲರ್ ಇದ್ದ ರಫ್ತು ಮರುವರ್ಷ 2.2 ಕೋಟಿಗೆ ಕುಸಿಯಿತು. ಇದು ಕಾಗದದ ಲೆಕ್ಕ. ಕಳ್ಳಸಾಗಣೆಯ ಲೆಕ್ಕ ಇಟ್ಟವರಾರು? ವರ್ಮಾಂಟಿನ ಜನ ಚಾಂಪ್ಲೇನ್ ಸರೋವರದ ಮೇಲೆ ಮರದ ದಿಮ್ಮಿಗಳ ತೆಪ್ಪ ಕಟ್ಟಿ ಕೆನಡಾ ಕಡೆಗೆ ತೇಲಿಬಿಟ್ಟರು. 1808ರ ಏಪ್ರಿಲ್‌ನಲ್ಲಿ ಜೆಫರ್ಸನ್ ಅದನ್ನು ದಂಗೆಯೆಂದೇ ಬಗೆದು ಘೋಷಣೆ ಹೊರಡಿಸಿದರು. 1809ರ ಜನವರಿಯ ಕಾಯ್ದೆಯಂತೂ ಬರೀ ಅನುಮಾನದ ಮೇಲೆ ಸರಕು ವಶಪಡಿಸಿಕೊಳ್ಳುವ ಅಧಿಕಾರವನ್ನು ಸುಂಕದ ಅಧಿಕಾರಿಗಳಿಗೆ ಕೊಟ್ಟಿತು. ಸ್ವಾತಂತ್ರ್ಯದ ಘೋಷಣೆ ಬರೆದ ಕೈ ಇಂಥ ಕಾಯ್ದೆಗೆ ಸಹಿ ಹಾಕಿತು. ಹೊರಗಿನ ಯುದ್ಧ ತಪ್ಪಿಸಲು ಹೋಗಿ ಸರ್ಕಾರ ತನ್ನ ಜನರ ಮೇಲೆಯೇ ಕಾವಲು ಕೂತಿತು. ಖಜಾನೆಯ ಮಂತ್ರಿ ಆಲ್ಬರ್ಟ್ ಗ್ಯಾಲಟಿನ್ ಇದನ್ನು ಮೊದಲೇ ಕಂಡಿದ್ದರು: ಅವಧಿಯಿಲ್ಲದ ನಿರ್ಬಂಧಕ್ಕಿಂತ ಯುದ್ಧವೇ ಲೇಸು, ಸರ್ಕಾರದ ನಿಷೇಧಗಳಿಂದ ಎಣಿಸಿದ್ದಕ್ಕಿಂತ ಹೆಚ್ಚು ಕೇಡಾಗುತ್ತದೆ ಎಂದು ಜೆಫರ್ಸನ್‌ಗೆ ಬರೆದಿದ್ದರು. ಕೊನೆಗೆ ಅದನ್ನು ಜಾರಿ ಮಾಡುವ ಹೊರೆ ಅವರ ಹೆಗಲಿಗೇ ಬಿತ್ತು.

1809ರ ಮಾರ್ಚ್‌ನಲ್ಲಿ, ಜೆಫರ್ಸನ್ ಅಧಿಕಾರ ಬಿಡುವ ಹೊತ್ತಿಗೆ, ಬೀಗ ತೆಗೆಯಿತು. ಯುದ್ಧಕ್ಕೆ ಬದಲಿಲ್ಲ ಎಂಬ ತೀರ್ಮಾನಕ್ಕೆ ಇಷ್ಟು ಸಾಕೆನ್ನುವವರು ಮುಂದಿನ ಪುಟ ಓದಬೇಕು. 1811ರಲ್ಲಿ ಅಧ್ಯಕ್ಷ ಮ್ಯಾಡಿಸನ್ ಆಡಳಿತ ಹಳೆಯ ವ್ರತಕ್ಕೆ ಹತ್ತಿರವಾದ ದಾರಿಗೆ ಮರಳಿತು: ಬ್ರಿಟಿಷ್ ಸರಕು ಕೊಳ್ಳುವುದಿಲ್ಲ, ನಮ್ಮದನ್ನು ಮಾರುವುದಕ್ಕೆ ಅಡ್ಡಿಯಿಲ್ಲ. ಇಂಗ್ಲೆಂಡಿನ ಕೈಗಾರಿಕಾ ಊರುಗಳಲ್ಲಿ ಸರಕು ರಾಶಿ ಬಿತ್ತು, ಕೆಲಸ ಹೋಯಿತು, ಪಾರ್ಲಿಮೆಂಟಿಗೆ ಅರ್ಜಿಗಳು ಬಂದವು. 1812ರ ಜೂನ್ 16ರಂದು, ಅಮೆರಿಕದ ಹಡಗುಗಳಿಗೆ ಕಂಟಕವಾಗಿದ್ದ ಆದೇಶಗಳನ್ನು ಹಿಂತೆಗೆಯುವುದಾಗಿ ಲಂಡನ್ನಿನಲ್ಲಿ ಸರ್ಕಾರ ಹೇಳಿತು. ಎರಡೇ ದಿನಕ್ಕೆ, ಜೂನ್ 18ರಂದು, ಅಮೆರಿಕ ಯುದ್ಧ ಸಾರಿತು. ಸುದ್ದಿ ಇನ್ನೂ ಕಡಲ ಮೇಲಿತ್ತು.

ನಿರ್ಬಂಧವನ್ನು ಹದಿನಾಲ್ಕು ತಿಂಗಳ ನಷ್ಟದಿಂದ ಅಳೆಯುವವರು ಯುದ್ಧಕ್ಕೂ ಅದೇ ಅಳತೆಗೋಲು ಹಿಡಿಯಲಿ. ಎರಡೂವರೆ ವರ್ಷ ಕಾದಾಡಿದರು. ವಾಷಿಂಗ್ಟನ್ ನಗರಕ್ಕೆ ಬೆಂಕಿ ಬಿತ್ತು, ಸಾವಿರಾರು ಜನ ಸತ್ತರು. 1814ರ ಡಿಸೆಂಬರ್ 24ರಂದು ಗೆಂಟ್ ಪಟ್ಟಣದಲ್ಲಿ ಸಂಧಿಗೆ ಸಹಿ ಬಿತ್ತು. ಹಡಗಿನಿಂದ ಎಳೆದೊಯ್ದ ನಾವಿಕರ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ.