ಕೇಳಬೇಡ, ಹೇಳಬೇಡ



ಸಲಿಂಗಿಗಳು ತಮ್ಮ ಸ್ವಭಾವವನ್ನು ಮುಚ್ಚಿಡದೆ ಸೈನ್ಯದಲ್ಲಿ ಸೇವೆ ಸಲ್ಲಿಸಬಹುದೇ? ಕುಟುಂಬಗಳು ಓದುವ ಪತ್ರಿಕೆಯಲ್ಲಿ ಈ ಪ್ರಶ್ನೆ ಏಕೆ ಎಂದು ನಿಮಗೆ ಅನಿಸಬಹುದು. ಮೇಲ್ನೋಟಕ್ಕೆ ಇದು ಸೇನಾಧಿಕಾರಿಗಳಿಗೂ ನ್ಯಾಯಾಲಯಗಳಿಗೂ ಸೇರಿದ ವಿಷಯ. ಆದರೆ ಇದರ ಒಳಗೆ ನಮ್ಮೆಲ್ಲರನ್ನೂ ತಟ್ಟುವ ಇನ್ನೊಂದು ಪ್ರಶ್ನೆಯಿದೆ: ನಮ್ಮ ನೆಮ್ಮದಿಗಾಗಿ ಮತ್ತೊಬ್ಬರು ಸುಳ್ಳಿನಲ್ಲಿ ಬಾಳಬೇಕೆಂದು ಒತ್ತಾಯಿಸುವ ಹಕ್ಕು ನಮಗಿದೆಯೇ?

ಅಮೆರಿಕ ದೇಶವು 1993ರಲ್ಲಿ ಒಂದು ಕಾನೂನು ಮಾಡಿತು. ‘ಕೇಳಬೇಡ, ಹೇಳಬೇಡ’ ಎಂದೇ ಅದು ಹೆಸರಾಯಿತು. ಸೈನ್ಯ ಸೇರಲು ಬಂದವರನ್ನು ಅಧಿಕಾರಿಗಳು ಈ ಬಗ್ಗೆ ಕೇಳುವಂತಿರಲಿಲ್ಲ, ಅವರೂ ಹೇಳುವಂತಿರಲಿಲ್ಲ. ಹೇಳಿದರೆ ಸೇವೆಯಿಂದ ಹೊರಗೆ. ಹೀಗೆ 13,000ಕ್ಕೂ ಹೆಚ್ಚು ಸ್ತ್ರೀಪುರುಷರು ಹೊರನಡೆಯಬೇಕಾಯಿತು. ಯುದ್ಧಕಾಲದಲ್ಲಿ ತೀರಾ ಅಗತ್ಯವಾಗಿದ್ದ ಅರಬ್ಬಿ ಭಾಷೆ ಬಲ್ಲ ಹತ್ತಾರು ಮಂದಿಯೂ ಅವರಲ್ಲಿದ್ದರು.

ಈ ಕಾನೂನನ್ನು ಸಮರ್ಥಿಸಿದವರೆಲ್ಲರೂ ದ್ವೇಷದಿಂದ ಮಾತನಾಡಿದರೆಂದು ತಿಳಿಯುವುದು ತಪ್ಪು. ಒಂದೇ ಕೊಠಡಿಯಲ್ಲಿ ಮಲಗಿ, ಒಂದೇ ಕಂದಕದಲ್ಲಿ ಪ್ರಾಣ ಒತ್ತೆಯಿಟ್ಟು ಹೋರಾಡುವವರ ಒಗ್ಗಟ್ಟು ಒಡೆದೀತೆಂಬ ಆತಂಕ ಹಲವರಲ್ಲಿತ್ತು. ಅಮೆರಿಕದ ಸೈನಿಕರ ಆಧ್ಯಾತ್ಮಿಕ ಪಾಲನೆಯ ಹೊಣೆ ಹೊತ್ತ ಮಹಾಧರ್ಮಾಧ್ಯಕ್ಷ ತಿಮೋಥಿ ಬ್ರೋಲಿಯೊ ಅವರೂ 2010ರಲ್ಲಿ, ಈ ಕಾನೂನನ್ನು ಬದಲಿಸಬಾರದೆಂದು ಕೋರಿದರು. ಬದಲಾದರೆ ಸೈನ್ಯದಲ್ಲಿರುವ ಗುರುಗಳ ಸೇವೆಗೆ ತೊಡಕಾದೀತೆಂದು ಎಚ್ಚರಿಸಿದರು. ಗುರುಗಳ ಬೋಧನಾ ಸ್ವಾತಂತ್ರ್ಯವು ಉಳಿಯಲೇಬೇಕು. ಆದರೆ ಒಗ್ಗಟ್ಟಿನ ವಿಷಯದಲ್ಲಿ ಅನುಭವವೂ ಮಾತನಾಡಿದೆ. ಕೆನಡಾ 1992ರಲ್ಲಿ, ಬ್ರಿಟನ್ 2000ದಲ್ಲಿ ಇಂಥ ನಿಷೇಧವನ್ನು ತೆಗೆದುಹಾಕಿದವು. ಅವುಗಳ ಸೈನ್ಯಗಳು ಕುಸಿದು ಬೀಳಲಿಲ್ಲ.

2010ರ ಫೆಬ್ರವರಿಯಲ್ಲಿ ಅಮೆರಿಕದ ಅತ್ಯುನ್ನತ ಸೇನಾಧಿಕಾರಿಯಾಗಿದ್ದ ಅಡ್ಮಿರಲ್ ಮೈಕ್ ಮಲ್ಲೆನ್ ಸೆನೆಟ್ ಸಮಿತಿಯ ಮುಂದೆ ನಿಂತು ವಿಷಯದ ಮರ್ಮವನ್ನೇ ಮುಟ್ಟಿದರು. ದೇಶಕ್ಕಾಗಿ ಹೋರಾಡುವ ಯುವಜನರು ತಾವು ಯಾರೆಂಬುದರ ಬಗ್ಗೆಯೇ ಸುಳ್ಳಾಡುವಂತೆ ಈ ನೀತಿಯು ಬಲವಂತ ಮಾಡುತ್ತಿದೆ ಎಂಬುದು ಅವರ ವ್ಯಥೆಯಾಗಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾನೂನಿನ ರದ್ದತಿಗೆ ಅಂಕಿತ ಬಿತ್ತು. 2011ರ ಸೆಪ್ಟೆಂಬರ್ 20ರಂದು ಅದು ಕೊನೆಗೊಂಡಿತು.

ನಮ್ಮ ದೇಶದಲ್ಲೂ ಈ ಪ್ರಶ್ನೆ ಎದ್ದಿದೆ. ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಆದರೆ ಭೂಸೇನೆಯಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ಅಂದಿನ ಭೂಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದರು.

ಕ್ರೈಸ್ತರಾದ ನಾವು ಇದನ್ನು ಹೇಗೆ ನೋಡಬೇಕು? ಸಲಿಂಗ ಲೈಂಗಿಕ ಕ್ರಿಯೆಯನ್ನು ಧರ್ಮಸಭೆಯು ಒಪ್ಪುವುದಿಲ್ಲ. ವಿವಾಹವು ಸ್ತ್ರೀಪುರುಷರ ಒಡಂಬಡಿಕೆಯೆಂದು ಬೋಧಿಸುತ್ತದೆ. ಇದನ್ನು ಹೇಳುವ ಧರ್ಮೋಪದೇಶ ಗ್ರಂಥವೇ, ಈ ಪ್ರವೃತ್ತಿಯುಳ್ಳವರನ್ನು ಗೌರವ, ಅನುಕಂಪ ಹಾಗೂ ಸೂಕ್ಷ್ಮತೆಯಿಂದ ಸ್ವೀಕರಿಸಬೇಕು, ಅನ್ಯಾಯದ ತಾರತಮ್ಯ ಸಲ್ಲದು ಎಂದೂ ಬೋಧಿಸುತ್ತದೆ. ನಮ್ಮಲ್ಲಿ ಅನೇಕರು ಮೊದಲನೆಯದನ್ನು ಕಂಠಪಾಠ ಮಾಡಿ, ಎರಡನೆಯದನ್ನು ಓದದೆ ಪುಟ ತಿರುವಿಬಿಡುತ್ತೇವೆ. ಸೈನ್ಯವು ಅಶಿಸ್ತನ್ನು ದಂಡಿಸಲಿ; ಆ ನಿಯಮ ಎಲ್ಲರಿಗೂ ಒಂದೇ ಆಗಿರಲಿ. ಆದರೆ ತನ್ನ ಬಗ್ಗೆ ನಿಜ ನುಡಿಯುವುದು ಅಶಿಸ್ತೂ ಅಲ್ಲ, ಪಾಪವೂ ಅಲ್ಲ. ಸುಳ್ಳಾಡಬೇಡವೆನ್ನುವ ಎಂಟನೆಯ ಕಟ್ಟಳೆಯು ಸುಳ್ಳಾಡುವವನನ್ನು ಮಾತ್ರವಲ್ಲ, ಸುಳ್ಳಾಡಿಸುವವರನ್ನೂ ಪ್ರಶ್ನಿಸುತ್ತದೆ.

ತಾವೇನು ಮಾಡಬೇಕೆಂದು ಸೈನಿಕರು ಕೇಳಿದಾಗ ಸ್ನಾನಿಕ ಯೊವಾನ್ನರು ಸುಲಿಗೆಯನ್ನೂ ಸುಳ್ಳು ದೂರನ್ನೂ ಬಿಡಿರೆಂದು ಹೇಳಿದರು. ಕಫೆರ್ನವುಮಿನ ಶತಾಧಿಪತಿಯ ವಿಶ್ವಾಸವನ್ನು ಪ್ರಭು ಯೇಸು ಮೆಚ್ಚಿಕೊಂಡರು. ಅನ್ಯಜನಾಂಗದ ಆ ಸೈನಿಕನ ಮಾತುಗಳನ್ನೇ ನಾವು ಪ್ರತಿ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮುನ್ನ ನುಡಿಯುತ್ತೇವೆ. ಅಯೋಗ್ಯನೆಂದು ನಿಜ ಹೇಳಿಕೊಂಡವನನ್ನು ಪ್ರಭು ಹೊರಗಟ್ಟಲಿಲ್ಲ.

ತಂದೆತಾಯಿಯರೇ, ‘ಕೇಳಬೇಡ, ಹೇಳಬೇಡ’ ಎಂಬ ಬರೆಯದ ಕಾನೂನು ನಮ್ಮ ಮನೆಗಳಲ್ಲೂ ಇದೆಯಲ್ಲವೇ? ಮಗನ ಮೌನದ ಅರ್ಥ ಗೊತ್ತಿದ್ದೂ, ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆಂದು ಹೆಣ್ಣು ನೋಡಲು ಹೊರಡುತ್ತೇವೆ. ಏನೂ ಅರಿಯದ ಒಂದು ಹೆಣ್ಣುಮಗುವಿನ ಬಾಳು ಆ ಸುಳ್ಳಿಗೆ ಬಲಿಯಾಗುತ್ತದೆ. ಪೀಠದ ಮುಂದೆ ನೀಡುವ ಸಮ್ಮತಿಯೇ ಪೊಳ್ಳಾಗುತ್ತದೆ. ಮಗನು ಹೇಳುವುದೆಲ್ಲವನ್ನೂ ನೀವು ಒಪ್ಪಲೇಬೇಕೆಂದಿಲ್ಲ. ಆದರೆ ಅವನು ನಿಜ ಹೇಳಿದ ರಾತ್ರಿಯೂ ಮನೆಯಲ್ಲಿ ಅವನಿಗೆ ಊಟದ ತಟ್ಟೆ ಇರಲಿ. ಅಷ್ಟು ಭರವಸೆಯನ್ನು ಅವನು ಕೇಳುವ ಮೊದಲೇ ಕೊಡಿ.