ಯಾರ ಭೂಮಿ, ಯಾರ ಭೂಗೋಳ?

ಹೈಸ್ಕೂಲಿನ ಭೂಗೋಳದ ಪುಸ್ತಕ ಕೈಗೆ ತಗೊಳ್ಳಿ. ಅಕ್ಷಾಂಶ, ರೇಖಾಂಶ, ಮಾನ್ಸೂನು, ಕಪ್ಪುಮಣ್ಣು, ಕೆಂಪುಮಣ್ಣು, ನದಿ, ಅಣೆಕಟ್ಟು, ಖನಿಜ. ಒಂದು ವರ್ಷ ಕಳೆಯುವ ಹೊತ್ತಿಗೆ ನಮ್ಮ ಹುಡುಗ ಹುಡುಗಿಯರಿಗೆ ಇವೆಲ್ಲ ಬಾಯಿಪಾಠ. ಇಷ್ಟೆಲ್ಲ ಕಲಿತ ಹುಡುಗನಿಗೆ ತನ್ನ ಕೇರಿ ಊರಿನ ಹೊರಗೆ ಯಾಕಿದೆ ಅಂತ ಮಾತ್ರ ಗೊತ್ತಾಗೋದಿಲ್ಲ. ಹೇಳದೆ ಬಿಟ್ಟ ಸತ್ಯ ಸುಳ್ಳಾಗುತ್ತದೆಯೇ? ಪಾಠದ ಪ್ರಶ್ನೆಯಂತೆ ಕಂಡರೂ ಇದು ನೀತಿಯ ಪ್ರಶ್ನೆ.

ಮೊದಲು ಭೂಗೋಳಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸೋಣ. ಮಳೆ ಯಾಕೆ ಬರಲಿಲ್ಲ ಅಂದರೆ ಹಿರೀಕರು ಪಾಪ, ಮೈಲಿಗೆ, ದೇವರ ಮುನಿಸು ಅಂತಾರೆ. ಭೂಗೋಳ ಹಾಗನ್ನೋದಿಲ್ಲ. ಅರಬ್ಬೀ ಸಮುದ್ರದಿಂದ ನೀರು ಹೊತ್ತು ಬಂದ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು, ಮೇಲೇರಿ, ತಣ್ಣಗಾಗಿ ಅಲ್ಲೇ ಸುರಿಯುತ್ತದೆ. ಘಟ್ಟ ದಾಟಿ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಅದಕ್ಕೇ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮಿಕ್ಕಿ ಮಳೆ. ಚಳ್ಳಕೆರೆಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಇದರಲ್ಲಿ ಯಾರ ಹಣೆಬರಹವೂ ಇಲ್ಲ. ಕರ್ಮದ ಮಾತು ಕೇಳಿ ಕೇಳಿ ಬೆನ್ನು ಬಾಗಿದವರ ಮಕ್ಕಳಿಗೆ ಇದು ಸಣ್ಣ ಪಾಠವೇನಲ್ಲ.

ಆದರೆ ಕಾರಣ ಕೇಳು ಅಂತ ಕಲಿಸಿದ ಪಾಠವೇ ಮನುಷ್ಯ ಮಾಡಿದ್ದರ ಮುಂದೆ ಬಂದ ಕೂಡಲೆ ಮೂಕಾಗುತ್ತದೆ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು ಅಂತ ಓದುತ್ತೇವೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರು ಯಾರು? ಹೆಚ್ಚಿನವರು ತಮಿಳು, ತೆಲುಗು ಸೀಮೆಯಿಂದ ಬಂದ ದಲಿತರು. ಕಲ್ಲಿನ ದೂಳು ಕುಡಿದು ಎದೆ ಕಲ್ಲಾಗಿ ಸತ್ತವರು ಅವರಲ್ಲಿ ಎಷ್ಟೋ ಜನ. 2001ರಲ್ಲಿ ಆ ಗಣಿ ಮುಚ್ಚಿತು. ಪರೀಕ್ಷೆಯಲ್ಲಿ ಕೇಳುವುದು ಚಿನ್ನದ ಲೆಕ್ಕ. ಉಸಿರಿನ ಲೆಕ್ಕ ಯಾರು ಕೇಳ್ತಾರೆ?

'ಮಣ್ಣಿಗೆ ಜಾತಿ ಇದೆಯೇನ್ರೀ?' ಅಂತ ಕೆಲವು ಮೇಷ್ಟ್ರು ಕೇಳುವುದುಂಟು. ಮಣ್ಣಿಗಿಲ್ಲ, ಪಹಣಿಗಿದೆ. ನೀರಿಗಿಲ್ಲ, ಬಾವಿಕಟ್ಟೆಗಿದೆ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿವೆ ಅಂತ ಮುಂಬಯಿ ಶಾಸನ ಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಆದರೂ ಮಹಾಡದ ಚವದಾರ್ ಕೆರೆಯ ನೀರು ಅವರಿಗೆ ಸಿಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಆ ನೀರು ಕುಡಿದರು. ಮೇಲುಜಾತಿಯವರು ದೊಣ್ಣೆ ಹಿಡಿದು ಬಂದರು, ಆಮೇಲೆ ಕೋರ್ಟು ಹತ್ತಿದರು. ಹಕ್ಕು ಹೈಕೋರ್ಟಿನಲ್ಲಿ ಗಟ್ಟಿಯಾಗಲು 1937 ಬರಬೇಕಾಯಿತು. ಕೆರೆಯ ಉದ್ದ, ಅಗಲ, ನೀರಿನ ಮೂಲ ಎಲ್ಲ ಹೇಳಿ ಈ ಹತ್ತು ವರ್ಷ ಬಿಟ್ಟರೆ ಅದು ಆ ಕೆರೆಯ ಭೂಗೋಳವೇ?

ಬಿಟ್ಟ ಮಾತು ಸುಮ್ಮನೆ ಬಿದ್ದಿರುವುದಿಲ್ಲ. ಬೆಟ್ಟ ಹೇಗೆ ತಾನಾಗಿ ನಿಂತಿದೆಯೋ ಕೇರಿಯೂ ಹಾಗೇ ತಾನಾಗಿ ಅಲ್ಲಿದೆ ಅಂತ ಮಗು ನಂಬಿಬಿಡುತ್ತದೆ. ಮನುಷ್ಯ ಕಟ್ಟಿದ್ದನ್ನು ನಿಸರ್ಗದ ಲೆಕ್ಕಕ್ಕೆ ಬರೆಯುವುದು ಜಾತಿಯ ಹಳೇ ಕಸುಬು. ತರಗತಿಯ ಮೌನ ಆ ಕಸುಬಿಗೆ ಕೈಜೋಡಿಸುತ್ತದೆ. ಆಗ ಅದು ಸುಳ್ಳೇ.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಮಾತು. ನಕ್ಷೆಗೆ ದಿಕ್ಕು, ಪ್ರಮಾಣ, ಸಂಕೇತ ಬೇಕು ಅಂತ ನೀವೇ ಕಲಿಸುತ್ತೀರಿ. ಅದೇ ಮೂರನ್ನು ಹಿಡಿದು ಮಕ್ಕಳಿಂದ ಊರಿನ ನಕ್ಷೆ ಬರೆಸಿ. ಗುಡಿ, ನಲ್ಲಿ, ಬಾವಿ, ಸ್ಮಶಾನ, ಕೇರಿ ಎಲ್ಲ ಇರಲಿ. ಚರಂಡಿ ಯಾವ ಕಡೆ ಇಳಿಯುತ್ತದೆ, ನಲ್ಲಿಗೆ ಯಾವ ಮನೆಯಿಂದ ಎಷ್ಟು ಹೆಜ್ಜೆ, ಅಳೆಸಿ. ಆದರೆ ಕೇರಿಯ ಮಗುವನ್ನು ಎಬ್ಬಿಸಿ ನಿಲ್ಲಿಸಬೇಡಿ. ಆ ದೂರ ಅದರ ಕಾಲಿಗೆ ಆಗಲೇ ಗೊತ್ತು. ಅಳೆಯಬೇಕಾದ್ದು, ಉತ್ತರ ಹೇಳಬೇಕಾದ್ದು ಇಡೀ ತರಗತಿ. ನಕ್ಷೆಯ ಕೆಳಗೆ ಒಂದೇ ಪ್ರಶ್ನೆ ಬರೆಸಿ: ಇದು ಯಾಕೆ ಹೀಗಿದೆ?

ಘಟ್ಟವನ್ನು ನಾವು ಸರಿಸಲಾರೆವು. ಊರು ಕೇರಿಯ ನಡುವಿನ ಗೆರೆ ಎಳೆದವರು ಮನುಷ್ಯರು, ಅದನ್ನು ಅಳಿಸಬೇಕಾದವರೂ ಮನುಷ್ಯರೇ. ಇವೆರಡರ ವ್ಯತ್ಯಾಸ ಕಲಿಸುವ ತನಕ ನಮ್ಮ ಮಕ್ಕಳು ಓದುತ್ತಿರುವುದು ಅರ್ಧ ಭೂಗೋಳ.